ಹುಳದ ತಾತ ನೋಡಿದ ಮೀನು

ನಂದಿಬೆಟ್ಟದ ಬುಡದಲ್ಲಿ ಚಳಿಗಾಲ ಅಂದರೆ ಅವರೆಕಾಯಿ ಕಾಲ. ಮುದ್ದೇನಹಳ್ಳಿಯಲ್ಲಿ ಆಗ ಯಾರ ಮನೆಗೆ ಹೋದರೂ ಹೆಂಗಸರು ಮೊರದ ಮುಂದೆ ಕೂತು ನೆನೆದ ಕಾಳು ಹಿತುಕುತ್ತಿರುತ್ತಾರೆ. ಕೈಯ ಪಾಡಿಗೆ ಕೈ, ಬಾಯಿಯ ಪಾಡಿಗೆ ಬಾಯಿ. ನಮ್ಮಕ್ಕನ ಮನೆಯ ಮೀನಿಗೆ ಕಾಯಿಲೆ ಬಂದದ್ದು ಅಂಥದೇ ಒಂದು ಚಳಿಯಲ್ಲಿ. ಯಾವ ವರ್ಷ ಅಂತ ಕೇಳಬೇಡಿ. ಅವತ್ತು ಮುದ್ದೆಗೆ ಹಿತುಕಿದ ಬೇಳೆ ಸಾರು ಮಾಡಿದ್ದರು, ಅದು ಮಾತ್ರ ಚೆನ್ನಾಗಿ ನೆನಪಿದೆ.

ಮೀನು ಅಂದರೆ ಗೋಲ್ಡ್ ಫಿಶ್. ಅಕ್ಕನ ಮಗ ಶಾಲೆಯವರ ಜೊತೆ ಬೆಂಗಳೂರಿಗೆ ಹೋಗಿ ಕಬ್ಬನ್ ಪಾರ್ಕಿನ ಮತ್ಸ್ಯಾಲಯ ನೋಡಿ ಬಂದಿದ್ದ. ಬಂದವನೇ ತನಗೂ ಮೀನು ಬೇಕು ಅಂತ ಹಟ ಹಿಡಿದು ಊಟ ಬಿಟ್ಟ. ಭಾವ ಎರಡು ಹೊತ್ತು ತಡೆದರು, ಮೂರನೇ ಹೊತ್ತಿಗೆ ಸೋತರು. ನಡುಮನೆಯಲ್ಲಿ ಟೀವಿ ಪಕ್ಕ 40 ಲೀಟರಿನ ಗಾಜಿನ ತೊಟ್ಟಿ ಬಂತು, ಅದರೊಳಗೆ ಒಂದು ಕೆಂಪು ಮೀನು.

ಹುಡುಗನ ಅಜ್ಜಿಗೆ, ಅಂದರೆ ಅಕ್ಕನ ಅತ್ತೆಗೆ, ಇದು ಸುತರಾಂ ಹಿಡಿಸಲಿಲ್ಲ. "ಮನುಷ್ಯರಿಗೆ ಕುಡಿಯಾಕೆ ನೀರಿಲ್ಲ, ಇದಕ್ಕೆ ಈಜಾಕೆ ಬೇಕಂತೆ" ಅಂದರು. ಆಯಮ್ಮನ ಮಾತೂ ಸುಳ್ಳಲ್ಲ. ಪಿನಾಕಿನಿ, ಅರ್ಕಾವತಿ, ಪಾಲಾರ್ ಎಲ್ಲ ಹುಟ್ಟುವುದು ಈ ಬೆಟ್ಟಗಳ ಸೀಮೆಯಲ್ಲೇ, ಆದರೆ ಇಲ್ಲಿಯವರಿಗೆ ಸಿಗುವುದು ಸಾವಿರ ಅಡಿ ದಾಟಿದ ಬೋರ್‌ವೆಲ್‌ನ ಗಡುಸು ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂಥದ್ದು. 1861ರಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಇದು, ಅವರ ಸಮಾಧಿಯೂ ಇಲ್ಲೇ ಇದೆ. ನೀರು ತುಂಬಿ ಬಂದರೆ ತಾವಾಗೇ ತೆರೆದುಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಕಟ್ಟೆಗೆ ಕೂರಿಸಿದ ಪುಣ್ಯಾತ್ಮರು. ಅಜ್ಜಿಯದು ಅದರಲ್ಲೂ ಒಂದು ತಕರಾರು: "ಊರೂರಿಗೆ ನೀರು ಕೊಟ್ಟರು, ನಮಗೆ ಹೆಸರು ಕೊಟ್ಟರು."

ಎಲ್ಲಿಗೋ ಹೋದೆ. ಮೀನಿನ ವಿಷಯಕ್ಕೆ ಬರೋಣ.

ಕೆಂಪು ಮೀನು ಒಂಟಿಯಾಯಿತು ಅಂತ ಭಾವ ಬೆಂಗಳೂರಿನ ಒಂದು ಅಂಗಡಿಯಿಂದ ಇನ್ನೊಂದನ್ನು ತಂದು, ಪ್ಲಾಸ್ಟಿಕ್ ಚೀಲ ಬಿಚ್ಚಿ ನೇರ ತೊಟ್ಟಿಗೇ ಬಿಟ್ಟರು. ಅದು ಕಪ್ಪಗಿತ್ತು ಅಂತ ನನ್ನ ನೆನಪು, ಅಕ್ಕ ಬಿಳಿ ಅಂತಾಳೆ. ಯಾವ ಬಣ್ಣವೋ, ಬಹಳ ದಿನ ಬಾಳಲಿಲ್ಲ. ಅಷ್ಟರಲ್ಲಿ ಕೆಂಪು ಮೀನಿನ ಮೈಮೇಲೂ ರೆಕ್ಕೆಯ ಮೇಲೂ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದಿತ್ತು. ರೆಕ್ಕೆ ಮುದುರಿಕೊಂಡು ಮೂಲೆಯಲ್ಲಿ ನಿಲ್ಲುವುದು, ಇದ್ದಕ್ಕಿದ್ದಂತೆ ತಳದ ಕಲ್ಲಿಗೆ ಮೈ ಉಜ್ಜುವುದು. ಹುಡುಗ ಮತ್ತೆ ಊಟ ಬಿಟ್ಟ.

ಪಕ್ಕದ ಮನೆ ತಾತ ಆ ಹೊತ್ತಿಗೆ ಬಂದದ್ದು ಮೀನು ನೋಡುವುದಕ್ಕಲ್ಲ, ಒಂದು ಪಾತ್ರೆ ಸಾರು ಇಸ್ಕೊಂಡು ಹೋಗುವುದಕ್ಕೆ. ಊರಿಗೆಲ್ಲ ಅವರು ಹುಳದ ತಾತ. ರೇಷ್ಮೆ ಮೇಯಿಸಿ, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹಾಕಿಯೇ ಮಕ್ಕಳ ಮದುವೆ ಮಾಡಿದವರು. ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದದೆ ಅವರ ಹುಳುಮನೆ ಹೊಸಲು ದಾಟುವ ಹಾಗಿಲ್ಲ. ಊದುಬತ್ತಿ ಹಚ್ಚುವ ಹಾಗಿಲ್ಲ, ಸೊಳ್ಳೆಬತ್ತಿ ಸುದ್ದಿಯೇ ಎತ್ತುವ ಹಾಗಿಲ್ಲ. ಹೆಂಡತಿ ಎಷ್ಟು ಗೋಗರೆದರೂ ಬಿಡದ ಬೀಡಿಯನ್ನು ಹುಳಕ್ಕೆ ಆಗಿಬರಲ್ಲ ಅಂತ ಬಿಟ್ಟರಂತೆ. ಆ ಸಿಟ್ಟು ಆಯಮ್ಮನಿಗೆ ಇವತ್ತಿಗೂ ಇಳಿದಿಲ್ಲ.

ತಾತ ಕನ್ನಡಕ ಏರಿಸಿ ಗಾಜಿಗೆ ಮೂಗು ಒತ್ತಿ ನೋಡಿದರು. "ಸುಣ್ಣಕಟ್ಟು ಕಣೋ ಮಗಾ ಇದು."

ರೇಷ್ಮೆಹುಳ ಸತ್ತು ಬೆಳ್ಳಗೆ ಸುಣ್ಣದ ಕಡ್ಡಿಯಾಗುವ ಕಾಯಿಲೆ ಅದು. 1835ರಲ್ಲಿ ಇಟಲಿಯ ಬಾಸ್ಸಿ ಎಂಬಾತ ಇದೇ ಸುಣ್ಣಕಟ್ಟನ್ನು ಹಿಡಿದು, ಕಣ್ಣಿಗೆ ಕಾಣದ ಒಂದು ಜೀವಿ ಇನ್ನೊಂದು ಪ್ರಾಣಿಗೆ ರೋಗ ತರಬಲ್ಲದು ಅಂತ ತೋರಿಸಿಕೊಟ್ಟ. ಪಾಶ್ಚರ್ ರೇಷ್ಮೆಹುಳದ ಕಾಯಿಲೆಗಳಿಗೆ ಕೈ ಹಾಕಿದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೆ ಸುಣ್ಣಕಟ್ಟು ತರುವುದು ಬೂಷ್ಟು. ಮೀನಿಗೆ ಅಂಟಿದ್ದು ಬೇರೆ, ಒಂದೇ ಕೋಶದ ಜೀವಿ, 1876ರಲ್ಲಿ ಫ್ರಾನ್ಸಿನ ಫೂಕೆ ಅದನ್ನು ವರ್ಣಿಸಿದ್ದಾನೆ. ಈಗ ಎಲ್ಲರೂ ಇಕ್ ಅಂತಾರೆ. ತಾತ ಇಟ್ಟ ಹೆಸರು ತಪ್ಪಿರಬಹುದು, ಹೇಳಿದ ಆರೈಕೆಯಲ್ಲಿ ಮಾತ್ರ ಒಂದೂ ತಪ್ಪಿರಲಿಲ್ಲ.

ಮೊದಲು ಊಟ ಕಡಿಮೆ ಮಾಡಿಸಿದರು. "ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ತೀವೇನೋ?" ಆಮೇಲೆ ಕಾವು. ಬೆಟ್ಟದ ಗಾಳಿಗೆ ತೊಟ್ಟಿ ನೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ತಾತ ತಮ್ಮ ಹುಳುಮನೆಯಿಂದ ಥರ್ಮಾಮೀಟರ್ ತಂದರು. ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, 27-28 ಡಿಗ್ರಿ ಬೇಕು ಅನ್ನುವುದು ಅವರಿಗೆ ರಕ್ತದಲ್ಲೇ ಇತ್ತು, ಮೀನಿಗೂ ಅಷ್ಟೇ ಅಂದರು. ಭಾವ ಚಿಕ್ಕಬಳ್ಳಾಪುರಕ್ಕೆ ಹೋಗಿ ಹೀಟರ್ ತಂದರು. ಒಂದೇ ಸಲಕ್ಕೆ ಏರಿಸಬೇಡಿ, ದಿನಕ್ಕೆ ಒಂದೋ ಎರಡೋ ಡಿಗ್ರಿ ಸಾಕು ಅಂತ ತಾತನ ಕಟ್ಟಪ್ಪಣೆ. ರಾತ್ರಿ ತೊಟ್ಟಿಗೆ ಮೂರು ಕಡೆ ಗೋಣಿಚೀಲ ಸುತ್ತುತ್ತಿದ್ದರು.

ಮೂರನೆಯದು ಕಲ್ಲುಪ್ಪು. ಲೀಟರಿಗೆ 2 ಗ್ರಾಂ, 40 ಲೀಟರಿಗೆ 80 ಗ್ರಾಂ. ಅಂಗಡಿ ತಕ್ಕಡಿಯಲ್ಲಿ ತೂಗಿ, ಬೇರೆ ನೀರಲ್ಲಿ ಕರಗಿಸಿ, ಎರಡು ದಿನ ಹಂಚಿ ಹಾಕಿದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಉಪ್ಪಾಯ್ತು, ಬೆಂಕಿಯೂ ಆಯ್ತು. ಒಗ್ಗರಣೆ ಯಾವಾಗ?" ಅಂದರು. ಹುಡುಗ ಅಳುತ್ತಲೇ ನಕ್ಕ.

ಅಣಕಿಸಿದ ಅಜ್ಜಿಯೇ ಕಡೆಗೆ ಮೀನು ಉಳಿಸಿದ್ದು ಅಂದರೂ ತಪ್ಪಿಲ್ಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಗುಳ್ಳೆ ಬಿಡುವ ಪಂಪು ನಿಲ್ಲಬಾರದು. ನಮ್ಮ ಕಡೆಯ ಕರೆಂಟು ಹೇಳಿ ಕೇಳಿ ಹೋಗುವಂಥದ್ದಲ್ಲವಲ್ಲ! ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಹೋಯಿತು. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದುದನ್ನು ಬಚ್ಚಲಿಗೆ ಎದ್ದ ಅಜ್ಜಿ ಬ್ಯಾಟರಿ ಬೆಳಕಲ್ಲಿ ನೋಡಿದರು. ಚೊಂಬಿನಲ್ಲಿ ತೊಟ್ಟಿ ನೀರನ್ನೇ ಮೊಗೆದು, ಮೇಲೆತ್ತಿ ಸುರಿದು, ಮತ್ತೆ ಮೊಗೆದು, ಕರೆಂಟು ಬರುವ ತನಕ ಹಾಗೇ ಮಾಡಿದರಂತೆ. ಕಾಫಿ ಆರಿಸಿದಂಗೆ ಆರಿಸ್ದೆ, ಅದರಲ್ಲೇನೈತೆ ಅಂತ ಬೆಳಿಗ್ಗೆ ಸಿಡುಕಿದರು.

ಕೆಲವು ದಿನ ಚುಕ್ಕೆ ಇಳಿಯಲೇ ಇಲ್ಲ. ಭಾವನಿಗೆ ಇನ್ನಷ್ಟು ಉಪ್ಪು ಸುರಿಯುವ ಆತುರ. ತಾತ ಕೈ ಹಿಡಿದರು. ಚರ್ಮದ ಒಳಗೆ ಕೂತಿರುವಾಗ ಆ ಜೀವಿಗೆ ಉಪ್ಪೂ ತಾಕದು, ಔಷಧಿಯೂ ತಾಕದು. ಬಲಿತ ಮೇಲೆ ಉದುರಿ, ತಳದಲ್ಲಿ ಗೂಡು ಕಟ್ಟಿ, ಒಂದು ನೂರಾರಾಗಿ ಒಡೆದು, ಮರಿಗಳು ಮತ್ತೆ ಮೀನು ಹುಡುಕಿ ಈಜುತ್ತವೆ. ಸಾಯುವುದು ಆ ಈಜುವ ಹೊತ್ತಿನಲ್ಲಿ ಮಾತ್ರ. ಕಾವು ಕೊಡುವುದು ಆ ಸುತ್ತು ಬೇಗ ಮುಗಿಯಲಿ ಅಂತ. ಇಷ್ಟನ್ನು ನಾನು ಆಮೇಲೆ ಓದಿ ತಿಳಿದೆ. ತಾತ ಹೇಳಿದ್ದು ಇಷ್ಟೇ: "ಮೈಮೇಲೆ ಹೋದರೆ ಹೋದಂಗಲ್ಲ. ಮನೆಯಿಂದ ಹೋಗಬೇಕು." ದಿನ ಬಿಟ್ಟು ದಿನ ತಳದ ಕಸವನ್ನು ಪೈಪಿನಲ್ಲಿ ಎಳೆಸಿದರು. ತೆಗೆದಷ್ಟು ನೀರಿಗೆ ಅಷ್ಟೇ ಬೆಚ್ಚಗಿನ ನೀರು, ಲೆಕ್ಕದ ಉಪ್ಪು. ಚುಕ್ಕೆ ಪೂರ್ತಿ ಮಾಯವಾದ ಮೇಲೂ ಒಂದು ವಾರ ಬಿಡಲಿಲ್ಲ.

ಮೀನು ಬದುಕಿತು. ಅಂಗೈಯಗಲ ಬೆಳೆಯಿತು. ಮುಂದಿನ ಸಲ ಭಾವ ಜೊತೆಗೊಂದು ತಂದಾಗ ಬಾಗಿಲಲ್ಲೇ ತಡೆದವರು ತಾತ. ತಮ್ಮ ಹುಳುಮನೆಯ ಬೇಸಿನ್ ತೊಳೆದು, ಬಿಸಿಲಲ್ಲಿ ಒಣಗಿಸಿ ತಂದುಕೊಟ್ಟು, ಹೊಸ ಮೀನು ಮೂರು ವಾರ ಜಗಲಿ ಮೇಲೆ ಅದರಲ್ಲೇ ಇರಬೇಕು ಅಂದರು. ಬೇಸಿನ್ನಿಗೆ ಕೈ ಹಾಕಿದವರು ಸೋಪು ಹಚ್ಚಿ ತೊಳೆಯದೆ ತೊಟ್ಟಿ ಮುಟ್ಟುವ ಹಾಗಿಲ್ಲ. ಭಾವನಿಗೂ ವಿನಾಯಿತಿ ಸಿಗಲಿಲ್ಲ. ಕಾವಲಿಗೆ ಕೂತದ್ದು ಅಜ್ಜಿ.