ಸುದ್ದಿಯಿಲ್ಲದ ಒಂದು ರಾತ್ರಿ

ಬೆಳಗಾದೊಡನೆ ಕರದರ್ಶನ ಮಾಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಪದ್ಧತಿಯನ್ನು ನಾವು ಇನ್ನೂ ಬಿಟ್ಟಿಲ್ಲ. ಕರದಲ್ಲಿ ಮಾತ್ರ ಈಗ ದೇವತೆಗಳಿಗೆ ಬದಲಾಗಿ ಮೊಬೈಲು ನೆಲೆಸಿದೆ. ಹಾಸಿಗೆ ಬಿಟ್ಟೇಳುವ ಮೊದಲೇ ಯಾವ ದೇಶದಲ್ಲಿ ಯುದ್ಧ, ಯಾವ ಊರಿನಲ್ಲಿ ನೆರೆ, ಯಾವ ನಟನಿಗೆ ಮದುವೆ ಎಂಬುದೆಲ್ಲ ನಮಗೆ ತಿಳಿದುಬಿಡುತ್ತದೆ. ಪಕ್ಕದ ಮನೆಯವರು ಮೂರು ದಿನಗಳಿಂದ ಜ್ವರದಲ್ಲಿ ಮಲಗಿದ್ದಾರೆಂಬುದು ಮಾತ್ರ ತಿಳಿಯುವುದಿಲ್ಲ. ಅದನ್ನು ಯಾರೂ ನಮಗೆ ಕಳುಹಿಸಿರುವುದಿಲ್ಲ!

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ ಎಂಬ ಪಾದ್ರಿಗಳು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದು ಬರುತ್ತಿದ್ದುದು ಹದಿನೈದು ದಿನಗಳಿಗೊಮ್ಮೆ. ನಾವೀಗ ಅನ್ನ ಉಣ್ಣುತ್ತಿರುವ ಈ ಪುಣೆಯಲ್ಲಿ 1881ರಲ್ಲಿ ಹುಟ್ಟಿದ 'ಕೇಸರಿ'ಯೂ ಮೊದಲಿಗೆ ವಾರಪತ್ರಿಕೆಯೇ. ಅಷ್ಟು ದೂರವೇಕೆ? ನಮ್ಮ ಬಾಲ್ಯದಲ್ಲಿ ಊರಿಗೆ ವೃತ್ತಪತ್ರಿಕೆ ಬರುತ್ತಿದ್ದುದು ಮಧ್ಯಾಹ್ನದ ಬಸ್ಸಿನಲ್ಲಿ. ಬಸ್ಸು ತಪ್ಪಿದರೆ ಆ ದಿನ ಜಗತ್ತಿನಲ್ಲಿ ಏನೂ ನಡೆಯಲಿಲ್ಲವೆಂದೇ ಅರ್ಥ. ಹಾಗೆಂದು ಯಾರಿಗೂ ಊಟ ಸೇರದೆ ಹೋದುದನ್ನು ನಾವು ಕಾಣೆವು.

ಇದನ್ನು ಓದುವ ಬಾಲಕರು, 'ಸರ್ ಮತ್ತೆ ಹಳೆಯ ಕಾಲವನ್ನು ಹೊಗಳಲು ಕುಳಿತರು' ಎಂದು ನಗಬಹುದು. ನಿಧಾನವಾಗಿ ಬಂದ ಸುದ್ದಿಯೆಲ್ಲ ಒಳ್ಳೆಯದೆಂದು ನಾವು ಹೇಳುವುದಿಲ್ಲ. ನಮ್ಮ ಬಿಬವೇವಾಡಿಯ ಚಾಳಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. 1961ರ ಜುಲೈ 12ರಂದು, ಕಟ್ಟಡ ಮುಗಿಯದೆಯೇ ನೀರು ತುಂಬಿಕೊಂಡಿದ್ದ ಪಾನಶೆತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಒಡೆದು, ಮುಠಾ ನದಿ ಪುಣೆಯ ಪೇಟೆಗಳನ್ನು ನುಗ್ಗಿದಾಗ ಅವರು ಹತ್ತು ವರ್ಷದ ಹುಡುಗಿ. ಮನೆ ನಾರಾಯಣ ಪೇಟೆಯಲ್ಲಿ. ಸೈಕಲ್ಲಿನ ಮೇಲೆ ಒಬ್ಬ ತರುಣನು, "ನೀರು ಬರುತ್ತಿದೆ, ಓಡಿ" ಎಂದು ಕೂಗುತ್ತ ಓಣಿಯಲ್ಲಿ ಹಾದುಹೋದನಂತೆ. ಅವರ ಅಜ್ಜನು, "ಹುಚ್ಚನಿರಬೇಕು" ಎಂದು ಎಲೆಯಡಿಕೆಯ ತಟ್ಟೆಯನ್ನು ಮುಂದಕ್ಕೆಳೆದುಕೊಂಡನಂತೆ. ತಾಯಿ ಮಾತ್ರ ದೇವರ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮಕ್ಕಳನ್ನು ಎಳೆದುಕೊಂಡು ಹೊರಟಳು. ಬೈಯುತ್ತ ಬೈಯುತ್ತ ಅಜ್ಜನೂ ಹಿಂದೆ ಬಂದನು. ಸಂಜೆಗೆ ಅವರಿಗೆ ಮನೆಯಿರಲಿಲ್ಲ. "ಆ ಸೈಕಲ್ಲಿನವನು ಯಾರೆಂದು ಇಂದಿಗೂ ಗೊತ್ತಾಗಲಿಲ್ಲ" ಎಂದು ಅಜ್ಜಿ ಪ್ರತಿ ಸಲವೂ ಕಥೆಯನ್ನು ಅಲ್ಲಿಗೇ ತಂದು ನಿಲ್ಲಿಸುತ್ತಾರೆ.

ನಿಜವಾದ ಸುದ್ದಿಯನ್ನು ತಂದ ಆ ತರುಣನ ಕಥೆಯನ್ನು ಕೇಳಿದಾಗಲೆಲ್ಲ ನಮಗೆ ನಮ್ಮದೇ ಒಂದು ಕೃತ್ಯ ನೆನಪಾಗಿ ನಾಚಿಕೆಯಾಗುತ್ತದೆ. ಅದನ್ನು ಈವರೆಗೆ ಬರೆದಿರಲಿಲ್ಲ, ಈಗ ಬರೆಯುತ್ತೇವೆ.

2019ರ ಸೆಪ್ಟೆಂಬರ್ 25ರ ರಾತ್ರಿ. ಕಾತ್ರಜ್ ಕಡೆಯಿಂದ ಇಳಿದುಬರುವ ಆಂಬಿಲ ಓಢಾ ಎಂಬ ಹಳ್ಳವು ಮಳೆಗೆ ಉಕ್ಕಿ, ನಮಗೆ ಸಮೀಪದ ಸಹಕಾರನಗರ, ಅರಣ್ಯೇಶ್ವರದ ಓಣಿಗಳಲ್ಲಿ ಹರಿದು ಹಲವರ ಪ್ರಾಣವನ್ನೇ ತೆಗೆದುಕೊಂಡಿತು. ಆ ರಾತ್ರಿ ನಮ್ಮ ಮೊಬೈಲಿಗೆ, 'ಕಾತ್ರಜ್ ಕೆರೆಯ ಕಟ್ಟೆ ಒಡೆದಿದೆ, ಎಲ್ಲರಿಗೂ ತಿಳಿಸಿರಿ' ಎಂಬ ಸಂದೇಶ ಬಂತು. ಕಳುಹಿಸಿದವರು ಯಾರು? ನಮ್ಮ ಮಿತ್ರರೊಬ್ಬರು. ಅವರಿಗೆ ಕಳುಹಿಸಿದವರು? ಅವರ ಮಿತ್ರರು. ನಾವು ಅರೆಗಳಿಗೆಯೂ ಯೋಚಿಸದೆ ಅದನ್ನು ಪಾಲಕರ ಗುಂಪಿಗೆ ಕಳುಹಿಸಿ, ಏನೋ ಪರೋಪಕಾರ ಮಾಡಿದೆವೆಂಬ ಸಮಾಧಾನದಿಂದ ಕುಳಿತೆವು. ನಮ್ಮ ಪಾಲಕರಲ್ಲಿ ಅನೇಕರು ಅಪ್ಪರ್ ಇಂದಿರಾನಗರದವರು. ಅದು ಗುಡ್ಡದ ಇಳಿಜಾರು. ಕೆರೆ ಒಡೆದರೂ ನೀರು ಗುಡ್ಡವನ್ನು ಹತ್ತಿ ಬರುವುದಿಲ್ಲವೆಂಬಷ್ಟು ಭೂಗೋಲವನ್ನು ನಾವೇ ತರಗತಿಯಲ್ಲಿ ಬೋಧಿಸಿದ್ದೆವು! ಆದರೂ ಒಂದು ಮನೆಯವರು ಆ ಮಳೆಯಲ್ಲಿ, ಆ ಕತ್ತಲೆಯಲ್ಲಿ ಹೊರಬಿದ್ದು ಓಡಿದರು. ಮೆಟ್ಟಿಲ ಮೇಲೆ ಮುದುಕಿಯೊಬ್ಬಳು ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಕೆರೆಯ ಕಟ್ಟೆ ಒಡೆದೇ ಇರಲಿಲ್ಲ.

ನೋಡಲು ಹೋದೆವು. ಅವರು ನಮ್ಮನ್ನು ಬೈದಿದ್ದರೆ ಚೆನ್ನಾಗಿತ್ತು. "ಸರ್ ಕಳಿಸ್ಯಾರ ಅಂದಮ್ಯಾಲ ಖರೇನ ಇರ್ತದ ಅಂತ ಹೊಂಟಿವ್ರಿ" ಎಂದು ಹೇಳಿ ಮುದುಕಿಯ ಮಗನು ನಮಗೆ ಚಹಾ ಕೊಟ್ಟನು. ಆ ಚಹಾ ಗಂಟಲಿನಲ್ಲಿ ಇಳಿಯುವುದು ಕಷ್ಟವಾಯಿತು.

ಇದಕ್ಕೂ ಒಂದು ವರ್ಷ ಹಿಂದೆ, 2018ರ ಜುಲೈಯಲ್ಲಿ, ಬೀದರ ಜಿಲ್ಲೆಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದ ಹೈದರಾಬಾದಿನ ತರುಣರನ್ನು ಮಕ್ಕಳ ಕಳ್ಳರೆಂದು ಬಗೆದು, ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿಸಿ, ಅವರ ಕಾರು ಮುರ್ಕಿ ಗ್ರಾಮವನ್ನು ಮುಟ್ಟುವಷ್ಟರಲ್ಲಿ ಜನರು ಗುಂಪುಗೂಡಿ ಒಬ್ಬನನ್ನು ಕೊಂದುಹಾಕಿದ್ದರು. ಅದೇ ತಿಂಗಳು ಆ ಕಂಪನಿಯವರು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಲಾಗದಂತೆ ಕಟ್ಟು ಮಾಡಿದರು. ಅದನ್ನೆಲ್ಲ ಪತ್ರಿಕೆಯಲ್ಲಿ ಓದಿ, 'ಎಂತಹ ಅವಿವೇಕಿಗಳು!' ಎಂದು ಉದ್ಗರಿಸಿದವರಲ್ಲಿ ನಾವೂ ಒಬ್ಬರಾಗಿದ್ದೆವು.

ಈ ಬೇಸರದಿಂದಲೋ ಏನೋ, ಕಳೆದ ಡಿಸೆಂಬರಿನಲ್ಲಿ ಎಂಟನೆಯ ತರಗತಿಯ ಇಪ್ಪತ್ನಾಲ್ಕು ಮಕ್ಕಳನ್ನು ಒಂದು ರಾತ್ರಿಯ ಶಿಬಿರಕ್ಕೆ ಕರೆದೊಯ್ಯುವ ಮಾತು ಬಂದಾಗ, ಮೊಬೈಲಿನ ತರಂಗಗಳು ಮುಟ್ಟದ ಸ್ಥಳವೇ ಬೇಕೆಂದು ನಾವು ಹಟ ಹಿಡಿದೆವು. ಅದು ಪಾನಶೆತ್ತಿನಲ್ಲಿಯೇ ಸಿಕ್ಕಿತು. ಅಂದು ಒಡೆದ ಅಣೆಕಟ್ಟನ್ನು ತರುವಾಯ ಮರಳಿ ಕಟ್ಟಿದ್ದಾರೆ. ಅದರ ಹಿನ್ನೀರಿನ ದಂಡೆಗೆ ಈಗ ಪುಣೆಯ ಜನರು ಡೇರೆ ಹೂಡಿಕೊಂಡಿರಲು ಹೋಗುತ್ತಾರೆ. ದಾರಿಯಲ್ಲಿ ಪಾನಶೆತ್ ಊರಿನ ಅಂಚೆಪೆಟ್ಟಿಗೆಯ ಬಳಿ ಬಸ್ಸು ನಿಲ್ಲಿಸಿ, ಪ್ರತಿಯೊಬ್ಬರಿಂದಲೂ ಮನೆಗೆ ಒಂದೊಂದು ಕಾರ್ಡು ಬರೆಯಿಸಿ ಹಾಕಿಸಿದೆವು. ಇದು ಮಕ್ಕಳಿಗೆ ಬಹು ದೊಡ್ಡ ವಿನೋದವಾಗಿ ತೋರಿತು. ಪತ್ರದಲ್ಲಿ ವಿಳಾಸವನ್ನು ಎಲ್ಲಿ ಬರೆಯಬೇಕೆಂಬುದೇ ಹಲವರಿಗೆ ಗೊತ್ತಿರಲಿಲ್ಲ.

ಆ ರಾತ್ರಿಯನ್ನು ನಾವು ಮರೆಯಲಾರೆವು. ಝುಣಕ, ಜೋಳದ ರೊಟ್ಟಿ, ಶೇಂಗಾ ಹಿಂಡಿ. ನೀರಿನ ಮೇಲಿನಿಂದ ಬೀಸುವ ಚಳಿಗಾಳಿ. ಊಟವಾದ ಮೇಲೆ ಬೆಂಕಿಯ ಸುತ್ತ ಕುಳಿತ ಮಕ್ಕಳು ಮೊದಮೊದಲು ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಚಡಪಡಿಸಿದರು. ಆಮೇಲೆ ಒಬ್ಬನು ತಲೆಯೆತ್ತಿ ನೋಡಿ, "ಸರ್, ಇಷ್ಟು ನಕ್ಷತ್ರಗಳು ಇಲ್ಲಿ ಮಾತ್ರ ಇವೆಯೇ?" ಎಂದು ಕೇಳಿದನು. ಬಿಬವೇವಾಡಿಯಲ್ಲಿಯೂ ಇವೆ, ಬೀದಿದೀಪಗಳ ಬೆಳಕಿನಲ್ಲಿ ಕಾಣುವುದಿಲ್ಲ ಎಂದೆವು. ಪೂರ್ವದ ಗುಡ್ಡದ ಮೇಲೆ ಮೃಗಶಿರಾ ಏರಿತ್ತು. 'ಕೇಸರಿ'ಯನ್ನು ನಡೆಸಿದ ಟಿಳಕರು, ಊರಿನ ಸುದ್ದಿ ದೇಶದ ಸುದ್ದಿಗಳ ನಡುವೆಯೂ ಬಿಡುವು ಮಾಡಿಕೊಂಡು ಈ ನಕ್ಷತ್ರಪುಂಜವನ್ನು ಹಿಡಿದು ವೇದಗಳ ಕಾಲವನ್ನು ನಿರ್ಣಯಿಸಲು 1893ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರೆಂಬುದನ್ನು ಹೇಳಿದೆವು. ಕೇಳಿದವರು ಮೂವರು, ಉಳಿದವರಿಗೆ ನಿದ್ದೆ. ನಮಗೂ ಬಹುದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು. ಜಗತ್ತು ಒಂದು ರಾತ್ರಿ ನಮ್ಮನ್ನು ಬಿಟ್ಟು ತಾನೇ ನಡೆದುಕೊಳ್ಳಲಿ ಎಂದುಕೊಂಡು ಮಲಗಿದೆವು.

ಬೆಳಗಿನ ಜಾವ ಕಣ್ಣು ಬಿಟ್ಟಾಗ ಮಂಜಿನಲ್ಲಿ ಯಾರೋ ಡೇರೆಗಳ ನಡುವೆ ನಡೆದಾಡುತ್ತಿರುವುದು ಕಂಡಿತು. ತಲೆಗೆ ಟವೆಲು ಸುತ್ತಿದ ಮನುಷ್ಯ. ಒಂದೊಂದು ಡೇರೆಯ ಬಾಗಿಲನ್ನು ಮೆಲ್ಲಗೆ ಸರಿಸಿ, ಮಲಗಿದ ಮುಖಗಳನ್ನು ನೋಡಿ, ಮುಂದಿನ ಡೇರೆಗೆ ಹೋಗುತ್ತಿದ್ದನು. ಮೂರನೆಯ ಡೇರೆಯ ಮುಂದೆ ನಿಂತನು. ಬಹಳ ಹೊತ್ತು ನಿಂತನು. ಆಮೇಲೆ ನೀರಿನ ಬಳಿಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತು ಮುಖಕ್ಕೆ ನೀರು ಹಾಕಿಕೊಂಡನು. ಮತ್ತೆ ಮತ್ತೆ ಹಾಕಿಕೊಂಡನು. ಹತ್ತಿರ ಹೋಗಿ ನೋಡಿದರೆ ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವವನು.

"ಏನಿಲ್ರಿ ಸರ್, ಸುಮ್ನ ಈ ಕಡಿ ಬಂದಿದ್ದೆ" ಎಂದನು.

ಸುಮ್ಮನೆ ಯಾರು ನಾಲ್ವತ್ತು ಕಿಲೋಮೀಟರು ಆ ಚಳಿಯಲ್ಲಿ ಬರುತ್ತಾರೆ? ಮೊಬೈಲನ್ನು ತೆಗೆದು ತೋರಿಸಿದನು. 'ಪಾನಶೆತ್ ಹತ್ತಿರ ಶಾಲೆಯ ಬಸ್ಸು ನೀರಿಗೆ ಬಿದ್ದಿದೆ' ಎಂಬ ಒಕ್ಕಣೆ. ಕೆಳಗೆ ಎಲ್ಲಿಯದೋ, ಎಂದಿನದೋ ಒಂದು ಬಸ್ಸಿನ ಚಿತ್ರ. ರಾತ್ರಿ ಹತ್ತಕ್ಕೆ ಅದು ಪಾಲಕರ ಗುಂಪಿಗೆ ಬಂದಿತ್ತಂತೆ. ಅಂದಿನಿಂದ ಬೆಳಗಿನವರೆಗೆ ಎಲ್ಲರೂ ನಮಗೆ ಫೋನು ಮಾಡಿದ್ದರು. 'ಸಂಪರ್ಕ ಕ್ಷೇತ್ರದ ಹೊರಗಿದ್ದಾರೆ' ಎಂಬ ಒಂದೇ ಉತ್ತರ. ಹನ್ನೆರಡು ಗಂಟೆಗೆ ಕೆಲವು ತಾಯಂದಿರು ಶಾಲೆಯ ಗೇಟಿನ ಬಳಿ ಬಂದು ಕುಳಿತರು. ನಾಲ್ಕಕ್ಕೆ ಈತನು ಯಾರದೋ ಮೋಟಾರ್ ಸೈಕಲ್ ಕೇಳಿಕೊಂಡು ಹೊರಟನು.

ಫೋನು ಮುಟ್ಟದ ಸ್ಥಳಕ್ಕೆ ಹೋಗುತ್ತೇವೆಂದು ನಾವು ಯಾವ ಪಾಲಕರಿಗೂ ಹೇಳಿರಲಿಲ್ಲ. ಅಣೆಕಟ್ಟಿನ ಬಳಿ ಒಂದು ಫೋನು ಸಿಕ್ಕುವ ಅಂಗಡಿಯಿತ್ತು. ಸಂಜೆ ಅಲ್ಲಿಂದ 'ಮುಟ್ಟಿದೆವು' ಎಂಬ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಮಗೆ ಅಂದು ಮೌನ ಬೇಕಾಗಿತ್ತು.

ಆತನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಆ ಅಂಗಡಿಗೆ ಹೋಗಿ, ಎಲ್ಲರಿಗೂ ಒಬ್ಬೊಬ್ಬರಾಗಿ ಫೋನು ಮಾಡಿದೆವು. ಗೇಟಿನಲ್ಲಿದ್ದ ತಾಯಿಯೊಬ್ಬಳು ನಾವು ಹೇಳಿದ್ದನ್ನು ನಂಬಲೊಲ್ಲಳು. "ಹುಡುಗಿ ಕೈಯಾಗ ಕೊಡ್ರಿ ಸರ್, ಆಕಿ ದನಿ ಕೇಳ್ತೀನಿ" ಎಂದಳು. ಹುಡುಗಿ ಇನ್ನೂ ಡೇರೆಯಲ್ಲಿ ಮಲಗಿದ್ದಳು. ಮರಳಿ ಹೋಗಿ ಆಕೆಯನ್ನು ಎಬ್ಬಿಸಿ ಕರೆತಂದೆವು.

ನಾವು ಬಿಬವೇವಾಡಿಗೆ ಹಿಂದಿರುಗಿದ್ದು ರವಿವಾರ. ಕಾರ್ಡುಗಳು ಬಂದದ್ದು ಗುರುವಾರ. ಮರುದಿನ ಹಮಾಲಿಯ ಮಗಳು ತರಗತಿಯಲ್ಲಿ ನಗುತ್ತ ಹೇಳಿದಳು: ಆಕೆಯ ತಾಯಿಗೆ ಓದು ಬಾರದು, ಆದುದರಿಂದ ತಾನು ಬರೆದ ಕಾರ್ಡನ್ನು ತಾನೇ ಓದಿ ಹೇಳಬೇಕಾಯಿತು. 'ಅವ್ವಾ, ನಾವೆಲ್ಲ ಸುಖವಾಗಿ ಮುಟ್ಟಿದೆವು. ಇಲ್ಲಿ ನೀರು ಬಹಳ ಇದೆ. ನೀನು ಚಿಂತೆ ಮಾಡಬೇಡ.' ಮಗಳು ಎದುರಿಗೇ ಕುಳಿತಿದ್ದರೂ ತಾಯಿ ಅದನ್ನು ಎರಡು ಸಲ ಓದಿಸಿ, ಬಳಿಕ ಯಲ್ಲಮ್ಮನ ಪಟದ ಹಿಂದೆ ಸಿಕ್ಕಿಸಿಟ್ಟಳಂತೆ.