ಹಳೆಯ ಮೋಟಾರೂ ಮನೆಯ ಕೈಯೂ

ಹಳೆಯ ವಸ್ತುವನ್ನು ಇಟ್ಟುಕೊಳ್ಳುವುದು ಒಂದು, ಉಳಿಸಿಕೊಳ್ಳುವುದು ಮತ್ತೊಂದು. ಇಟ್ಟುಕೊಳ್ಳಲು ಜಾಗವಿದ್ದರೆ ಸಾಕು. ಉಳಿಸಿಕೊಳ್ಳಲು ಕೈಯೂ ಬೇಕು, ತಾಳ್ಮೆಯೂ ಬೇಕು. ದಾವಣಗೆರೆಯ ನಮ್ಮ ಮನೆಯಲ್ಲಿ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಕಾರೊಂದು ಉಂಟು. ಇಟಲಿಯ ಫಿಯಟ್ಟಿನ ವಂಶಕ್ಕೆ ಸೇರಿದ ಈ ಗಾಡಿಗೆ 1089 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಎಂಜಿನು. ಮುಂಬಯಿಯ ಕುರ್ಲಾದಲ್ಲಿ ನಡೆಯುತ್ತಿದ್ದ ಅದರ ತಯಾರಿಕೆ ಈ ಶತಮಾನದ ಹೊಸ್ತಿಲಿನಲ್ಲಿಯೇ ನಿಂತುಹೋಯಿತು. "ಇದನ್ನು ಮಾರಿಬಿಡಬಾರದೆ?" ಎಂದು ಕೇಳದ ನಂಟರಿಲ್ಲ.

ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 15 ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲಿನಿಂದ 5000 ಆಯಿತು. 20 ವರ್ಷ ಮೀರಿದವಕ್ಕೆ 2025ರಲ್ಲಿ ಮತ್ತೂ ಏರಿತು. ಹಣವೊಂದನ್ನೇ ತೂಗಿದರೆ ನಂಟರೇ ಗೆದ್ದರು. ಆದರೆ ನಮ್ಮ ತಾಯಿಯವರು ಸಲೀಸಾಗಿ ಹತ್ತಿ ಇಳಿಯುವುದು ಈ ಗಾಡಿಯನ್ನೇ. ಅವರನ್ನು ಕೂರಿಸಿಕೊಂಡು ಹೋಗುವ ಗಾಡಿಯ ಕ್ಷೇಮ ಹಣದ ಲೆಕ್ಕಕ್ಕೆ ಒಳಪಟ್ಟುದಲ್ಲ.

ಗೃಹಸ್ಥನ ಕೈಗೆ ಎಟಕುವ ಕೆಲಸಗಳು ಅನೇಕವಿವೆ. ಎಣ್ಣೆ ಬದಲಾಯಿಸುವುದು, ಪ್ಲಗ್ಗುಗಳ ಮಸಿ ತೆಗೆಯುವುದು, ಗಾಳಿಯ ಸೋಸುಕವನ್ನು ಕೊಡವುವುದು ಇವು ಭಾನುವಾರದ ಕೆಲಸಗಳು. ಕಿಡಿ ಹೊತ್ತಿಸುವ ಪಾಯಿಂಟುಗಳ ನಡುವಿನ ಸಂದು ಒಂದು ಮಿಲಿಮೀಟರಿನ ಅರ್ಧಕ್ಕೂ ಕಡಮೆ. ಅಳತೆಯ ತಗಡನ್ನು ತೂರಿಸಿ ಬೆರಳಿನಿಂದಲೇ ಅದರ ಬಿಗಿಯನ್ನು ತಿಳಿಯಬೇಕು. ಜಪಾನಿನ ಸುಬಾರು ಗಾಡಿಯ ಸಿಲಿಂಡರುಗಳು ಎದುರುಬದುರಾಗಿ ಮಲಗಿರುವುದರಿಂದ ಪ್ಲಗ್ಗು ಬಿಚ್ಚಲು ಪಕ್ಕದ ಇಕ್ಕಟ್ಟಿನೊಳಗೆ ಕೈ ತೂರಿಸಬೇಕು. ಆದರೂ ಹೊರದೇಶಗಳಲ್ಲಿ ಹಳೆಯ ಸುಬಾರುಗಳನ್ನು ಮನೆಯಂಗಳದಲ್ಲಿಯೇ ಸರಿಮಾಡಿಕೊಳ್ಳುವವರು ಬಹುಮಂದಿ ಇದ್ದಾರೆ. ನಮ್ಮದರ ಸಿಲಿಂಡರುಗಳು ನೆಟ್ಟಗೆ ನಿಂತಿರುವುದರಿಂದ ನಮಗೆ ಆ ಕಷ್ಟವಿಲ್ಲ.

ನಮ್ಮ ಸೀಮೆಯ ಬೇಸಿಗೆ ಬೇರೆಯೇ ಒಂದು ಪರೀಕ್ಷೆ. ಎಂಜಿನಿನ ಕಾವಿಗೆ ಪೆಟ್ರೋಲು ನಳಿಗೆಯಲ್ಲಿಯೇ ಆವಿಯಾದರೆ ಪಂಪು ಅದನ್ನು ಎಳೆಯಲಾರದೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸುವುದು ಹಳಬರ ಉಪಾಯ. ಇದಕ್ಕಿಂತ ಎಚ್ಚರ ಬೇಕಾದುದು ರಬ್ಬರಿನ ವಿಷಯದಲ್ಲಿ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತು ಬರುತ್ತದೆ. ಹಳೆಯ ಕಾಲದ ರಬ್ಬರು ಅದನ್ನು ತಾಳಲಾರದೆ ಉಬ್ಬಿ ಬಿರಿಯಬಹುದು. ಕಾದ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ನಳಿಗೆಗಳನ್ನು ತಿಂಗಳಿಗೊಮ್ಮೆ ಬೆರಳಿನಿಂದ ಹಿಸುಕಿ ನೋಡತಕ್ಕುದು. ಗಡುಸಾದುದನ್ನು ಆ ದಿನವೇ ಬದಲಿಸತಕ್ಕುದು.

ಆದರೆ ಎಲ್ಲವೂ ಮನೆಯ ಕೈಯ ಕೆಲಸವಲ್ಲ. ಸವೆದು ಗೀರುಬಿದ್ದ ಬ್ರೇಕಿನ ಡ್ರಮ್ಮನ್ನು ಲೇತಿನ ಮೇಲೆ ಕಡೆಸಬೇಕು. ಅದಕ್ಕಾಗಿ ನಾನು 14 ಕಿಲೋಮೀಟರು ದಾಟಿ ಹರಿಹರಕ್ಕೆ ಹೋಗುತ್ತೇನೆ. 1941ರಲ್ಲಿ ಅಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಯ ಕಮ್ಮಟಗಳನ್ನು ಸೇರಿದುವು. ಆ ಕಾರ್ಖಾನೆ ಈಗಿಲ್ಲ. ತುಂಗಭದ್ರೆಯ ದಡದ ಆ ಊರಿಗೆ ಅದು ಕಲಿಸಿದ ವಿದ್ಯೆ ಮಾತ್ರ ಕೆಲವರ ಕೈಗಳಲ್ಲಿ ಉಳಿದಿದೆ. ನನಗೆ ಡ್ರಮ್ಮು ಕಡೆದುಕೊಡುವ ಹಿರಿಯರು ಉಳಿಯನ್ನು ತಾಗಿಸುವ ಮುನ್ನ ಅಳೆಯುತ್ತಾರೆ, ತಾಗಿಸಿದ ಮೇಲೂ ಅಳೆಯುತ್ತಾರೆ. "ಇನ್ನೊಂದು ಸಲ ಕಡೆಯಬಹುದು; ಆಮೇಲೆ ಕೇಳಬೇಡಿ" ಎಂದು ಹಿಂದಿನ ಸಲ ಹೇಳಿದರು. ಮಿತಿಮೀರಿ ಕಡೆದ ಡ್ರಮ್ಮು ತೆಳುವಾಗಿ, ಕಾವಿಗೆ ಬಿರಿಯುವ ಭಯವುಂಟು. ಕೂಲಿ ಬರುವ ಕೆಲಸವನ್ನು ಬೇಡವೆನ್ನುವ ಆ ಮಾತಿನಲ್ಲಿ ನನಗೆ ಅವರ ವಿದ್ಯೆಯ ಪೂರ್ಣತೆ ಕಂಡಿತು. ಅವರ ಮಕ್ಕಳು ಬೇರೆ ಬೇರೆ ಉದ್ಯೋಗ ಹಿಡಿದಿದ್ದಾರೆ. ಲೇತಿನ ಮುಂದೆ ನಿಲ್ಲುವ ಶಿಷ್ಯರಿಲ್ಲ.

ಹಳೆಯ ಗಾಡಿಯೆಂದರೆ ಕಬ್ಬಿಣ ಮಾತ್ರವಲ್ಲ. ಅದನ್ನು ಬಲ್ಲ ಕೈಗಳೂ ಅದರ ಭಾಗಗಳೇ. ಕಬ್ಬಿಣಕ್ಕಿಂತ ಮೊದಲು ಸವೆಯುತ್ತಿರುವುವು ಆ ಕೈಗಳು. ಪಾಯಿಂಟಿನ ಸಂದನ್ನು ಈಗ ನನ್ನ ಮಗಳು ನನಗಿಂತ ಚೆನ್ನಾಗಿ ಕೂಡಿಸುತ್ತಾಳೆ. ಡ್ರಮ್ಮು ಮಿತಿ ಮುಟ್ಟಿ, ಬದಲಿಯೂ ದೊರೆಯದ ದಿನ ನಮ್ಮ ಗಾಡಿ ನಿಲ್ಲತಕ್ಕುದೇ ಸರಿ. ತಾಯಿಯವರ ಮೇಲಿನ ಪ್ರೀತಿಯೂ ಅದನ್ನೇ ಹೇಳುತ್ತದೆ. ಆದರೆ ಎರಡು ಸಲ ಅಳೆದು ಒಂದು ಸಲ ಕಡೆಯುವ ಆ ಅಭ್ಯಾಸ ನಮ್ಮ ಮನೆಯಲ್ಲಿ ಗಾಡಿಯ ಜೊತೆಗೆ ನಿಲ್ಲಬೇಕಾಗಿಲ್ಲ.