ಮುಸ್ಯಾಗಳ ಕಾದಾಟ, ಮರಿಗಳ ಪಾಡು

ಶಿಕ್ಷಕ ಮಿತ್ರರೇ, ನಮ್ಮ ಸುಲೇಪೇಟದ ಮಕ್ಕಳಿಗೆ ಮುಸ್ಯಾ ಹೊಸದಲ್ಲ. ಕಪ್ಪು ಮುಖ, ಉದ್ದ ಬಾಲದ ಈ ಪ್ರಾಣಿಯನ್ನು ಅವರು ಗುಡಿಯ ಮೇಲೆ, ಹುಣಸೆ ಮರದಲ್ಲಿ ದಿನವೂ ನೋಡುತ್ತಾರೆ. ಗುಂಪಿಗೆ ಹೊಸದಾಗಿ ಬಂದ ಗಂಡು ಮರಿಗಳನ್ನು ಸಾಯಿಸುವುದುಂಟು ಎಂದು ಒಮ್ಮೆ ನಾನು ಹೇಳಿದಾಗ, ಐದನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಹಣಮಪ್ಪ ಮರಿ ಕೊಲ್ತಾನೇನ್ರಿ?"

ಇದನ್ನು ಜಗತ್ತಿಗೆ ತಿಳಿಸಿದ್ದು ನಮ್ಮ ಧಾರವಾಡದ ಮುಸ್ಯಾಗಳೇ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮಾ 1961ರಿಂದ ಅಲ್ಲಿ ಅವುಗಳನ್ನು ಅಭ್ಯಸಿಸಿದರು. ಒಂದು ಗಂಡು, ಹಲವು ಹೆಣ್ಣು ಹಾಗೂ ಮರಿಗಳಿರುವ ಗುಂಪುಗಳು ಅಲ್ಲಿದ್ದವು. ಬರೀ ಗಂಡುಗಳ ಗುಂಪುಗಳೂ ಇದ್ದವು. 1962ರಲ್ಲಿ ಏಳು ಗಂಡುಗಳು ಸೇರಿ ಒಂದು ಗುಂಪಿನ ಮೇಲೆ ಎರಗಿ, ಅದರ ಯಜಮಾನನನ್ನು ಓಡಿಸಿದವು. ಕೊನೆಗೆ ಏಳರಲ್ಲಿ ಒಂದು ಮಾತ್ರ ಗುಂಪಿನಲ್ಲಿ ಉಳಿಯಿತು. ಅದು ಎಳೆಯ ಮರಿಗಳನ್ನು ಒಂದೊಂದಾಗಿ ಕಚ್ಚಿ ಸಾಯಿಸಿತು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದರೊಡನೆ ಕೂಡಿದವು.

ಕಾರಣವೇನು? ಹಾಲೂಡುವ ತಾಯಿ ಸಾಮಾನ್ಯವಾಗಿ ಬೆದೆಗೆ ಬರುವುದಿಲ್ಲ. ಹೊಸ ಯಜಮಾನನ ಆಳ್ವಿಕೆಯೂ ಬಹಳ ಕಾಲ ನಡೆಯುವುದಿಲ್ಲ. ಇನ್ನೊಂದು ಗುಂಪು ಬಂದು ಓಡಿಸುವ ಮೊದಲೇ ತನ್ನ ಸಂತಾನ ಹುಟ್ಟಬೇಕು. ರಾಜಸ್ಥಾನದ ಅಬು ಬೆಟ್ಟದಲ್ಲಿ 1970ರ ದಶಕದಲ್ಲಿ ಅಧ್ಯಯನ ಮಾಡಿದ ಸಾರಾ ಹರ್ಡಿ ಹೀಗೆ ವಿವರಿಸಿದರು. ಕೆಲವರು ಒಪ್ಪಲಿಲ್ಲ, ಜನರ ನಡುವೆ ಇಕ್ಕಟ್ಟಿನಲ್ಲಿ ಬದುಕುವುದರಿಂದ ಹೀಗಾಗುತ್ತದೆ ಎಂದರು. ನೇಪಾಳದ ರಾಮನಗರದ ಮುಸ್ಯಾಗಳ ಡಿಎನ್‌ಎ ಪರೀಕ್ಷೆ 1999ರಲ್ಲಿ ಹರ್ಡಿಯವರ ಮಾತಿಗೆ ಬಲ ಕೊಟ್ಟಿತು. ದಾಳಿ ಮಾಡಿದ ಗಂಡುಗಳು ಸತ್ತ ಮರಿಗಳ ತಂದೆಯಾಗಿರಲಿಲ್ಲ.

ಆ ಹುಡುಗಿಗೆ ನಾನು ಹೇಳಿದ್ದಿಷ್ಟು: ಮುಸ್ಯಾ ಲೆಕ್ಕ ಹಾಕಿ ಕೊಲ್ಲುವುದಿಲ್ಲ, ಅದಕ್ಕೆ ಪಾಪ ಪುಣ್ಯ ಗೊತ್ತಿಲ್ಲ. ಇಂಥ ಗಂಡುಗಳಿಗೆ ಹೆಚ್ಚು ಸಂತಾನವಾದ್ದರಿಂದ ಈ ನಡವಳಿಕೆ ಉಳಿದುಬಂದಿದೆ. ತಾಯಂದಿರೂ ಸುಮ್ಮನಿರುವುದಿಲ್ಲ, ಹಲವು ಹೆಣ್ಣುಗಳು ಒಟ್ಟಾಗಿ ಗಂಡಿನ ಮೇಲೆ ಬೀಳುತ್ತವೆ. ನಿಸರ್ಗದಲ್ಲಿ ನಡೆಯುವುದೆಲ್ಲ ಮನುಷ್ಯರಿಗೆ ಮಾದರಿಯಲ್ಲ.

ಚಿಂಪಾಂಜಿಗಳಲ್ಲಿ ನೆಲಕ್ಕಾಗಿ ಗುಂಪು ಗುಂಪುಗಳೇ ಕಾದಾಡುತ್ತವೆ. ಉಗಾಂಡಾದ ನ್ಗೋಗೊ ಎಂಬಲ್ಲಿನ ಗುಂಪು ನೆರೆಯವರನ್ನು ಕೊಂದು, 2009ರಲ್ಲಿ ತನ್ನ ನೆಲವನ್ನು ಶೇ. 22ರಷ್ಟು ಹಿಗ್ಗಿಸಿಕೊಂಡಿತು. ಅದಕ್ಕೆ ಮುಂಚಿನ ಮೂರು ವರ್ಷಗಳಲ್ಲಿ 15 ಮರಿ ಹುಟ್ಟಿದ್ದರೆ, ನಂತರದ ಮೂರು ವರ್ಷಗಳಲ್ಲಿ 37 ಹುಟ್ಟಿದವು. ಮೂರು ವರ್ಷ ತುಂಬುವ ಮೊದಲೇ ಸಾಯುವ ಮರಿಗಳ ಪ್ರಮಾಣ ಶೇ. 41ರಿಂದ 8ಕ್ಕೆ ಇಳಿಯಿತು. 2025ರಲ್ಲಿ ಪ್ರಕಟವಾದ ಲೆಕ್ಕವಿದು. ಗೆದ್ದವರ ಮರಿಗಳು ಉಳಿದದ್ದು ಸೋತವರ ನೆಲದಲ್ಲಿ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ನಿಮ್ಮೂರಿನ ಮುಸ್ಯಾಗಳನ್ನು ಮಕ್ಕಳು ಒಂದು ತಿಂಗಳು ದೂರದಿಂದಲೇ ಗಮನಿಸಲಿ. ದೊಡ್ಡ ಗಂಡು ಎಷ್ಟು, ಎದೆಗೆ ಅವುಚಿಕೊಂಡ ಮರಿ ಎಷ್ಟು ಎಂದು ವಾರಕ್ಕೊಮ್ಮೆ ಬರೆದಿಡಲಿ. ತಿನಿಸು ಹಾಕುವುದು, ಕಲ್ಲೆಸೆಯುವುದು ಬೇಡ.